ಒಂದು ಮುಷ್ಟಿ, ಆಚೆಯ ಟ್ರೇಗೆ

ಜೂನ್ 9, ಸೋಮವಾರ — ಊಟದ ಹೊತ್ತು

ಬಂಗುಡೆ ಸಾರು ಡಬ್ಬಿಯಿಂದ ಸೋರಿ ಬ್ಯಾಗ್ ಇಡೀ ವಾಸನೆ. ಇವತ್ತಿನಿಂದ ಮಳೆಗಾಲದ ಬೋಟ್ ಬಂದ್, ಇನ್ನು ಜುಲೈ ಮುಗಿಯುವವರೆಗೆ ಒಣಮೀನೇ ಗತಿ ಅಂತ ಯುಜಿನ್ ನಿನ್ನೆ ರಾಶಿ ತಂದು ಹಾಕಿದ. ತರುವುದು ಗಂಡ, ಕ್ಲೀನ್ ಮಾಡುವುದು ನಾನು, ಈಗ ಬ್ಯಾಗ್ ತೊಳೆಯುವುದೂ ನಾನು.

ಕ್ಯಾಮೆರಾ ಬಂತು ಕಡೆಗೂ. ಪ್ರತಿ ಟೇಬಲ್ ಮೇಲೆ ಒಂದೊಂದು, ಹಲ್ಲಿ ಕೂತ ಹಾಗೆ ಕೂತಿದೆ. ಪ್ರತಿ ಟ್ರೇಯ ಅಡಿಗೆ ತೂಕದ ಪ್ಲೇಟು. ಏಣಿ ಹತ್ತಿದ್ದು ಮಂಗಳೂರಿನ ಕಂಪೆನಿಯ ಜಯಂತ್. ಒಳ್ಳೆ ಜನ, ಮಾತು ಮಾತಿಗೆ "ಮೇಡಂ". ನನ್ನನ್ನು ಈ ಗೇರುಬೀಜದ ಫ್ಯಾಕ್ಟರಿಯಲ್ಲಿ ಮೇಡಂ ಅಂದವರು ಇಷ್ಟು ವರ್ಷದಲ್ಲಿ ಯಾರೂ ಇಲ್ಲ. ಎಲ್ಲರಿಗೂ ರೀನಕ್ಕ.

"ಇದು ಮುಖ ನೋಡುವುದಿಲ್ಲ ಮೇಡಂ. ಕೈ ಮಾತ್ರ. ಕೈ ಎಷ್ಟು ಬೀಜ ಹೆಕ್ಕಿತು, ಎಷ್ಟು ಹೊತ್ತು ಸುಮ್ಮನೆ ಕೂತಿತು — ಎಲ್ಲ ಎಐ ನೋಡಿಕೊಳ್ತದೆ."

ನಾಲ್ಕನೇ ಟೇಬಲಿನ ಶಂಕರಿ ತಲೆ ಎತ್ತದೆಯೇ ಹೇಳಿದಳು: "ಹಾಗಾದ್ರೆ ನಾಳೆಯಿಂದ ಮುಖಕ್ಕೆ ಪೌಡರ್ ಬೇಡ. ಕೈಗೆ ಹಾಕಿದ್ರೆ ಸಾಕು." ಹಾಲ್ ಪೂರಾ ನಗು. ಜಯಂತನೂ ನಕ್ಕ. ಏಣಿ ಅಲ್ಲಾಡಿತು.

ಮ್ಯಾನೇಜರ್ ಮುರಳೀಕೃಷ್ಣ ಸಾರ್ ಕರೆದು ಹೇಳಿದ್ದು: ದಿನಾ ಊಟ ಆದ ಮೇಲೆ ಅವರ ಕ್ಯಾಬಿನ್‌ನಲ್ಲಿ ಕಂಪ್ಯೂಟರ್ ಎದುರು ಕೂರಬೇಕಂತೆ. ಮೆಷಿನ್‌ಗೆ ಅರ್ಥ ಆಗದ್ದನ್ನು ಅದು ವೀಡಿಯೊ ತೋರಿಸಿ ಕೇಳ್ತದೆ, ನಾನು ಉತ್ತರ ಒತ್ತಬೇಕು. "ನೀನು ಸೂಪರ್‌ವೈಸರ್ ಆಗುವ ಮೊದಲು ಟೇಬಲಲ್ಲಿ ಕೂತವಳಲ್ವಾ, ನಿನಗೆ ಗೊತ್ತಾಗ್ತದೆ." ಸರಿ ಸಾರ್ ಅಂದೆ. ಮೌಸ್ ಹಿಡಿದು ಗೊತ್ತಿಲ್ಲ ಅಂತ ಹೇಳಲಿಲ್ಲ. ಆಲ್ವಿನ್ ಹತ್ತಿರ ಕೇಳಿದರಾಯ್ತು. ಮಗ ಪಾಲಿಟೆಕ್ನಿಕ್ ಕಲಿಯುವುದು ಇಂಥದ್ದಕ್ಕಾದರೂ ಬರಲಿ.

ಜೂನ್ 11, ಬುಧವಾರ — ಕ್ಯಾಬಿನ್‌ನಿಂದ ಬಂದು

ಕೇಳಿತು. ಎಂತ ಕೇಳಿತು ಗೊತ್ತುಂಟಾ!

ವೀಡಿಯೊದಲ್ಲಿ ಎರಡು ಟ್ರೇ. ಒಂದು ಕೈ ತನ್ನ ಟ್ರೇಯಿಂದ ಹೆಕ್ಕಿದ ಒಳ್ಳೆ ಬೀಜ ಒಂದು ಮುಷ್ಟಿ ಎತ್ತಿ ಪಕ್ಕದ ಟ್ರೇಗೆ ಹಾಕುತ್ತದೆ. ಮೆಷಿನ್ ಆ ಕೈಗೆ ಕೆಂಪು ಚೌಕ ಹಾಕಿ ಕೇಳುತ್ತದೆ — ಇದು ಏನು? ಕೆಳಗೆ ಮೂರು ಬಟನ್. ಕೆಲಸ. ವಿರಾಮ. ದುರ್ವರ್ತನೆ.

ಹಸಿರು ಬಳೆಯ ಕೈ. ಶಂಕರಿದು. ಟ್ರೇ ಅವಳ ಪಕ್ಕದಲ್ಲಿ ಕೂರುವ ದೇವಕಿಯದು.

ಮುಷ್ಟಿ ಹಾಕುವುದು ಇಲ್ಲಿ ಮೊದಲಿಂದಲೂ ಉಂಟು. ನಾನು ಟೇಬಲಿಗೆ ಬಂದ ದಿನ ನನ್ನ ಟ್ರೇಗೂ ಯಾರೋ ಹಾಕಿದ್ದರು. ಆಲ್ವಿನ್ ಹೊಟ್ಟೆಯಲ್ಲಿದ್ದಾಗ ನಾನು ಅರ್ಧ ದಿನ ಬಚ್ಚಲಲ್ಲೇ ಇರುತ್ತಿದ್ದದ್ದು, ಆದರೂ ಸಂಜೆ ಟ್ರೇ ತುಂಬಿಯೇ ಇರುತ್ತಿತ್ತು. ಟ್ರೇಯಲ್ಲಿ ಒಂದು ಗೆರೆ ಉಂಟು. ಗೆರೆ ಮುಟ್ಟಿದರೆ ಪೂರ್ತಿ ಸಂಬಳ. ತನ್ನದು ಗೆರೆ ದಾಟಿದವಳು ಮಿಕ್ಕಿದ್ದನ್ನು ದಾಟದವಳಿಗೆ ಹಾಕುವುದು, ಅಷ್ಟೇ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ದೇವಕಿಗೆ ಕಣ್ಣು ಸರಿ ಇಲ್ಲ. ಎಡದ್ದರಲ್ಲಿ ಪೊರೆ, ಬಲದ್ದೂ ಮಂಜು. ಆಪರೇಷನ್ ಇಎಸ್‌ಐ ಆಸ್ಪತ್ರೆಯಲ್ಲಿ ಮಾಡಿಸಬೇಕು, ಡೇಟ್ ಸಿಕ್ಕಿದ್ದು ಸೆಪ್ಟೆಂಬರಿಗೆ. ಕೆಲಸ ಹೋದರೆ ಇಎಸ್‌ಐಯೂ ಹೋಯ್ತು, ಕಣ್ಣೂ ಹೋಯ್ತು. ಸಾರ್‌ಗೆ ಈ ವಿಷಯ ಗೊತ್ತಿಲ್ಲ. ನಾವು ಹೇಳಲೂ ಇಲ್ಲ.

"ಕೆಲಸ" ಒತ್ತಿದೆ. ಮೆಷಿನ್ ಇನ್ನೊಂದು ತೋರಿಸಿತು, ಪುನಃ ಮುಷ್ಟಿ. ಒತ್ತಿದೆ. ಪುನಃ. ಒತ್ತಿದೆ. ಕಲಿ ಮಾರಾಯ, ಕಲಿ. ಇಲ್ಲಿಯ ಕ್ರಮ ಹೀಗೆ.

ಜೂನ್ 17, ಮಂಗಳವಾರ — ಬೆಳಗ್ಗೆ, ಬಸ್ಸಿನಲ್ಲಿ

ಬಸ್ಸು ಕೈಕಂಬದ ಹತ್ತಿರ ಸತ್ತ ಹಾಗೆ ನಿಂತಿದೆ. ಹೈವೇ ಕೆಲಸ ಮುಗಿಯುವಾಗ ನನಗೆ ಪೆನ್ಶನ್ ಆಗಬಹುದು. ಮೊಗ್ರಾಲ್‌ನಲ್ಲಿ ಯುಜಿನ್‌ನ ವರ್ಕ್‌ಶಾಪ್ ಹೋದದ್ದೂ ಇದೇ ಹೈವೇಗೆ. ಜಾಗ ಬಾಡಿಗೆಯದ್ದು, ಪರಿಹಾರ ಮಾಲೀಕನಿಗೆ. ಇವನಿಗೆ ಸಿಕ್ಕಿದ್ದು ಎರಡು ಜಾಕಿ ಮತ್ತು ಬೋರ್ಡು. ಆ ಬೋರ್ಡು ಈಗ ನಮ್ಮ ಕೋಳಿಗೂಡಿನ ಮೇಲಿನ ಮಾಡು. ಮನೆ ನಡೆಯುವುದು ನನ್ನ ಸಂಬಳದಲ್ಲಿ. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಯುಜಿನ್ ಅನ್ನ ಕಲಸಿ ಮೊಬೈಲ್ ನೋಡುತ್ತಾ ಕೂತ. ನನ್ನ ಬಾಯಿಂದ ಬಂತು, "ವಿರಾಮ." ಅವನಿಗೆ ಅರ್ಥ ಆಗಲಿಲ್ಲ. ಹೇಳಿದ ಮೇಲೆ ನಕ್ಕು ಕೆಮ್ಮು ಹತ್ತಿತು. "ನಿನಗೆ ಒಬ್ಬ ಶಿಷ್ಯ ಸಿಕ್ಕಿದ. ಇಷ್ಟು ದಿನ ನಾನೊಬ್ಬನೇ ಇದ್ದದ್ದು."

ನಗು ಬಂತು. ಆದರೆ ಒಂಥರಾ ಕಿರಿಕಿರಿ. ಈಗ ಎಲ್ಲಿ ನೋಡಿದರೂ ಕೈ. ಕಂಡಕ್ಟರನ ಕೈ, ಎದುರಿನ ಸೀಟಿನ ಬ್ಯಾರಿ ಹೆಂಗಸಿನ ಮದರಂಗಿ ಹಾಕಿದ ಕೈ. ಚರ್ಚಲ್ಲಿ ಭಾನುವಾರ ಪಾದ್ರಿಯ ಕೈ ನೋಡುತ್ತಾ ಕೂತಿದ್ದೆ, ಪ್ರಸಂಗ ಒಂದು ಶಬ್ದ ನೆನಪಿಲ್ಲ.

ಜುಲೈ 8, ಮಂಗಳವಾರ

ಬರೆಯಲು ಆಗಲಿಲ್ಲ. ಮೊದಲು ನನಗೆ ಜ್ವರ, ಆಮೇಲೆ ಆಲ್ವಿನ್‌ಗೆ. ಮಳೆ ಅಂತೂ ಸುರಿಯುವುದೇ ಸುರಿಯುವುದು, ಒಂದು ಬಟ್ಟೆ ಒಣಗಿದ್ದಿಲ್ಲ.

ಕ್ಯಾಬಿನ್‌ನಲ್ಲಿ ಈಗ ಕೆಲಸ ಇಲ್ಲ. ಮೆಷಿನ್ ಕೇಳುವುದು ನಿಲ್ಲಿಸಿದೆ. ಮುಷ್ಟಿ ಕಂಡರೂ ಕೆಂಪು ಚೌಕ ಇಲ್ಲ, ಹಸಿರು. ಜಯಂತ್ ಫೋನಲ್ಲಿ ಹೊಗಳಿದ — "ನಿಮ್ಮ ಫ್ಯಾಕ್ಟರಿಯ ಮಾಡೆಲ್ ಬೇಗ ಕಲಿತಿದೆ ಮೇಡಂ." ನನಗೆ ಖುಷಿ ಆಯ್ತು. ಸುಳ್ಳು ಯಾಕೆ ಹೇಳುವುದು, ಖುಷಿ ಆಯ್ತು.

ಆದರೆ ಟೇಬಲ್ ಕಡೆ ನನ್ನ ಕೆಲಸವೂ ಕಡಿಮೆ. ಮೊದಲು ಕೈ ನಿಂತರೆ ನಾನು ಬೈಯಬೇಕಿತ್ತು. ಈಗ ನಾನು ಬೈಯುವ ಮೊದಲೇ ಟ್ರೇಯ ಎದುರು ಹಳದಿ ಲೈಟು. ಹಾಗಂತ ಕುರ್ಚಿಯಲ್ಲಿ ಕೂತರೆ ನನ್ನ ಕಾಲು ಸುಮ್ಮನಿರುತ್ತದಾ? ಗಂಟೆಗೊಮ್ಮೆ ಎದ್ದು ಬೈಯುತ್ತಾ ಒಂದು ಸುತ್ತು ಹಾಕುತ್ತೇನೆ. ಇಲ್ಲದಿದ್ದರೆ ಊಟ ಇಳಿಯುವುದಿಲ್ಲ. ಶಂಕರಿ ಹೇಳುತ್ತಾಳೆ, "ರೀನಕ್ಕನ ಸ್ಪೀಕರ್ ಬಂತು, ವಾಲ್ಯೂಮ್ ಕಡಿಮೆ ಮಾಡಿ." ಅವಳಿಗೂ ಬೈದೆ.

ಮುರಳೀಕೃಷ್ಣ ಸಾರ್ ನನ್ನ ಸುತ್ತು ನೋಡಿ ಹೇಳಿದ್ದು ತಲೆಯಲ್ಲಿ ಕೂತಿದೆ. "ಇನ್ನೂ ಸೂಪರ್‌ವೈಸರ್ ಬೇಕಾ ಅಂತ ಕೊಚ್ಚಿ ಆಫೀಸಿನವರು ಕೇಳ್ತಾ ಇದ್ದಾರೆ ರೀನಾ." ನಗುತ್ತಲೇ ಹೇಳಿದರು. ನಾನೂ ನಕ್ಕೆ. ಎಂತ ನಗುವುದೋ.

ಜುಲೈ 14, ಸೋಮವಾರ — ಸಂಜೆ, ಬಸ್‌ಸ್ಟಾಪ್

ಯೋಚಿಸಿ ಯೋಚಿಸಿ ಮಂಡೆ ಬೆಚ್ಚ ಆಗಿದೆ.

ಬೆಳಗ್ಗೆ ಹಾಲ್‌ನ ಗೋಡೆಗೆ ಟಿವಿ ಹಾಗಿನ ಬೋರ್ಡು ಹಾಕಿದರು. ಟೇಬಲ್ ಪ್ರಕಾರ ಹೆಸರು. ಮೇಲಿದ್ದವರು ಹಸಿರು, ನಡುವೆ ಹಳದಿ, ಅಡಿಯ ಹೆಸರು ಕೆಂಪು. ನಾಲ್ಕನೇ ಟೇಬಲಿನಲ್ಲಿ ಎಲ್ಲಕ್ಕಿಂತ ಮೇಲೆ — ದೇವಕಿ. ಎಲ್ಲಕ್ಕಿಂತ ಕೆಳಗೆ — ಶಂಕರಿ.

ಎಲ್ಲರೂ ನಕ್ಕದ್ದೇ ನಕ್ಕದ್ದು. ದೇವಕಿಗೆ ಬೋರ್ಡು ಕಾಣುವುದಿಲ್ಲ, ಯಾರೋ ಓದಿ ಹೇಳಿದರು. "ನಾನು ಫಸ್ಟಾ? ಶಾಲೆಯಲ್ಲೂ ಬರಲಿಲ್ಲ ಮಾರಾಯ್ತಿ!" ಶಂಕರಿ ಎದ್ದು ನಿಂತು ಕೈ ಮುಗಿದಳು, "ಟೀಚರ್, ನನಗೂ ಸ್ವಲ್ಪ ಕಲಿಸಿ." ನಾನೂ ನಕ್ಕೆ. ಹೊಟ್ಟೆ ಹಿಡಿದು ನಕ್ಕೆ.

ಆಮೇಲೆ ಕ್ಯಾಬಿನ್‌ಗೆ ಕರೆದರು.

ಓಣಂನಿಂದ ಪ್ರತಿ ಟೇಬಲಲ್ಲಿ ಒಬ್ಬರು ಕಡಿಮೆ. ಆರು ಜನರ ಕೆಲಸ ಐದು ಜನ ಮಾಡಬಹುದು ಅಂತ ಮೆಷಿನ್ ಹೇಳಿದೆಯಂತೆ. "ಒಬ್ಬರ ಟ್ರೇಯಿಂದ ಇನ್ನೊಬ್ಬರ ಟ್ರೇಗೆ ಹಾಕುವಷ್ಟು ಪುರುಸೊತ್ತು ಇದ್ದರೆ ಒಬ್ಬರು ಜಾಸ್ತಿ ಅಂತಲೇ ಲೆಕ್ಕ ಅಲ್ವಾ?" ಓಣಂ ಬೋನಸ್ ಕೊಟ್ಟೇ ಕಳುಹಿಸುವುದು. ಯಾರನ್ನು? ಅಡಿಯ ಹೆಸರು.

"ಸಾರ್, ಶಂಕರಿಯಷ್ಟು ಚುರುಕು ಈ ಹಾಲಲ್ಲಿ ಯಾರೂ ಇಲ್ಲ."

"ಟ್ರೇ ಹಾಗೆ ಹೇಳುವುದಿಲ್ಲವಲ್ಲ ರೀನಾ. ಕೊಚ್ಚಿಯವರು ಹೆಸರು ನೋಡುವುದಿಲ್ಲ, ಅಡಿಯ ಸಾಲು ನೋಡುತ್ತಾರೆ. ಮೂವತ್ತೊಂದಕ್ಕೆ ಹತ್ತು ಗಂಟೆಗೆ ಪಟ್ಟಿ ತಾನಾಗಿ ಹೋಗ್ತದೆ."

ಮೊದಲು ಗೆರೆ ಮುಟ್ಟಿದರೆ ಸಾಕಿತ್ತು. ಯಾರ ಮೇಲೆ ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಕೊಟ್ಟವಳು ಸೋಮಾರಿ, ತೆಗೆದುಕೊಂಡವಳು ಫಸ್ಟ್. ಮತ್ತು ಅದನ್ನು ಆ ಮೆಷಿನ್‌ಗೆ ಕಲಿಸಿದ್ದು ಯಾರು? ಕಲಿ ಮಾರಾಯ, ಕಲಿ ಅಂತ ಒತ್ತಿ ಒತ್ತಿ ಕಲಿಸಿದ್ದು ಯಾರು?

ಬಸ್ಸು ಬಂತು.

ಜುಲೈ 15, ಮಂಗಳವಾರ

ಶಂಕರಿಯನ್ನು ನೀರಿನ ಟ್ಯಾಂಕ್ ಹಿಂದೆ ಕರೆದು ಎಲ್ಲ ಹೇಳಿದೆ. "ಇನ್ನು ತಿಂಗಳು ಮುಗಿಯುವವರೆಗೆ ಒಂದೇ ಒಂದು ಬೀಜ ಆಚೆ ಹಾಕಬೇಡ. ನಿನ್ನ ಟ್ರೇ, ನಿನ್ನ ಕೈ."

ಅವಳ ಮುಖ ಒಮ್ಮೆ ಬೆಳ್ಳಗಾಯ್ತು. ಗಂಡ ದುಬೈಯಿಂದ ಬಂದು ಮನೆಯಲ್ಲೇ ಇದ್ದಾನೆ, ಮಗಳಿಗೆ ಪ್ಲಸ್ ಟೂ. ಆಮೇಲೆ ಅವಳದ್ದೇ ವರಸೆ, "ಕೈ ಎಂತ ನನ್ನ ಮಾತು ಕೇಳ್ತದಾ?"

"ಕೇಳುವ ಹಾಗೆ ಮಾಡು."

"ನನ್ನ ಕೈ ಮಾತ್ರ ಕಟ್ಟಿದರೆ ಆಯ್ತಾ ರೀನಕ್ಕ? ಹೇಳುವುದಾದರೆ ಎಲ್ಲ ಕೈಗಳಿಗೂ ಹೇಳಬೇಕು." ಅಂತ ನನ್ನನ್ನೇ ನೋಡಿದಳು. ಒಂದು ನಮೂನೆ ನಗು. ಎಂತಕ್ಕೆ ಆ ನಗು ಅಂತ ಕೇಳುವಷ್ಟರಲ್ಲಿ ಸೈರನ್ ಆಯ್ತು. ಎಲ್ಲರಿಗೂ ಹೇಳುತ್ತೇನೆ ಮಾರಾಯ್ತಿ, ಹೇಳದೆ ಇರುತ್ತೇನಾ. ಊಟದ ಹೊತ್ತಲ್ಲಿ ಟೇಬಲಿಗೆಲ್ಲ ಹೇಳಿದೆ. ದೇವಕಿ ಕೈ ತೊಳೆಯಲು ಹೋಗಿದ್ದಾಗ.

ಜುಲೈ 18, ಶುಕ್ರವಾರ

ಮೂರು ದಿನ ಯಾರೂ ಮುಷ್ಟಿ ಹಾಕಲಿಲ್ಲ. ಟೇಬಲಲ್ಲಿ ಮಾತೂ ಇಲ್ಲ. ಬೀಜ ಟ್ರೇಗೆ ಬೀಳುವ ಶಬ್ದ ಮಾತ್ರ, ಟಪ್ ಟಪ್ ಟಪ್, ನನಗೆ ಹುಚ್ಚು ಹಿಡಿಯುವುದು ಬಾಕಿ.

ದೇವಕಿಯ ಟ್ರೇ ಮೂರು ದಿನವೂ ಗೆರೆಗಿಂತ ಕೆಳಗೆ. ಸಂಬಳ ಕಟ್. ಇವತ್ತು ಗೇಟಿನ ಹತ್ತಿರ ನನ್ನ ಕೊಡೆಯೊಳಗೆ ಬಂದಳು. ಮುಖದ ಹತ್ತಿರ ಮುಖ ತಂದರೆ ಮಾತ್ರ ಅವಳಿಗೆ ಜನ ಗೊತ್ತಾಗುವುದು.

"ರೀನಾ, ನನ್ನಿಂದ ಎಂತಾದ್ರೂ ತಪ್ಪಾಯ್ತಾ? ಯಾರೂ ಮಾತಾಡುವುದಿಲ್ಲ."

"ತಪ್ಪು ಎಂತದ್ದೂ ಇಲ್ಲ ದೇವಕಿಯಕ್ಕ. ಕ್ಯಾಮೆರಾ ಉಂಟಲ್ಲ, ಹಾಗೆ."

"ಕ್ಯಾಮೆರಾಕ್ಕೆ ನನ್ನ ಕಣ್ಣಿನ ವಿಷಯ ಗೊತ್ತಾಯ್ತಾ?"

ಸಿಟ್ಟು ಬಂತು. ಅವಳ ಮೇಲೆ ಅಲ್ಲ, ಆದರೆ ಸಿಕ್ಕಿದ್ದು ಅವಳು. "ನೀವು ಆ ಕಣ್ಣನ್ನು ಹೋದ ವರ್ಷವೇ ಮಾಡಿಸಿದ್ದರೆ ಇದೆಲ್ಲ ಇರುತ್ತಿರಲಿಲ್ಲ" ಅಂತ ಬೊಬ್ಬೆ ಹೊಡೆದೆ. ಅವಳು ಸುಮ್ಮನೆ ಕೊಡೆಯಿಂದ ಹೊರಗೆ ಹೋದಳು. ಮಳೆಯಲ್ಲಿ. ಹಿಂದೆ ಹೋಗಿ ಕೊಡೆ ಕೊಡಲಿಲ್ಲ ನಾನು. ನಿಂತಲ್ಲೇ ನಿಂತೆ, ನಾಚಿಕೆಗೆಟ್ಟವಳು.

ಜುಲೈ 21, ಸೋಮವಾರ

ಸಾರ್‌ಗೆ ಹೇಳಿಬಿಟ್ಟೆ. ಕಣ್ಣಿನ ವಿಷಯ ಅಲ್ಲ, ಮುಷ್ಟಿಯ ವಿಷಯ. "ಲೆಕ್ಕ ತಪ್ಪು ಸಾರ್. ಶಂಕರಿಯ ಬೀಜ ಬೇರೆಯವರ ಟ್ರೇಯಲ್ಲಿ ಉಂಟು. ನಾನೇ ಅದನ್ನು ಕೆಲಸ ಅಂತ ಒತ್ತಿದ್ದು."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಜಯಂತ್‌ಗೆ ಫೋನ್ ಹಚ್ಚಿದರು. ಅವನಿಗೆ ಅದೊಂದು ವಿಷಯವೇ ಅಲ್ಲ: "ಸರಿಮಾಡಬಹುದು ಸಾರ್. ಹಳೆ ವೀಡಿಯೊ ಎಲ್ಲ ಉಂಟು. ಯಾವ ಕೈಯಿಂದ ಯಾವ ಟ್ರೇಗೆ ಅಂತ ಮೇಡಂ ಮಾರ್ಕ್ ಮಾಡಲಿ. ಕೊಟ್ಟವರಿಗೆ ತೂಕ ವಾಪಸ್ ಹೋಗ್ತದೆ."

ಕೊಟ್ಟವರಿಗೆ ವಾಪಸ್. ಅಂದರೆ ದೇವಕಿಯಿಂದ ಕಡಿತ. ಶಂಕರಿ ಮೇಲೆ, ದೇವಕಿ ಕೆಳಗೆ. ನಾನು ಹೋಗಿ ಹೇಳಿದ್ದರ ಪುಣ್ಯ ಇದು.

ಆದರೂ ಶಂಕರಿಗೆ ಅನ್ಯಾಯ ಆಗಬಾರದಲ್ಲ... ಆಗಬಾರದು. ಆದರೆ. ಇಡೀ ದಿನ ಈ ಎರಡು ಶಬ್ದ ಬಿಟ್ಟು ತಲೆಯಲ್ಲಿ ಬೇರೆ ಇಲ್ಲ.

ಜುಲೈ 24, ಗುರುವಾರ — ಊಟದ ಹೊತ್ತು

ಬೆಳಗ್ಗೆಯಿಂದ ಕ್ಯಾಬಿನ್‌ನಲ್ಲೇ. ಜೂನ್ ತಿಂಗಳ ವೀಡಿಯೊ. ಹಸಿರು ಬಳೆ, ಮುಷ್ಟಿ, ದೇವಕಿಯ ಟ್ರೇ. ಮಾರ್ಕ್. ಪುನಃ. ಕಣ್ಣು ಉರಿ.

ಇವತ್ತು ಬೆಳಗ್ಗಿನ ಹೊತ್ತಿನ ವೀಡಿಯೊ ಮೊದಲ ಸಲ ನೋಡಿದ್ದು. ಇಷ್ಟು ದಿನ ಮಧ್ಯಾಹ್ನದ್ದೇ ನೋಡುತ್ತಿದ್ದೆ.

ಸೈರನ್ ಆಗುವ ಮೊದಲು ಟೇಬಲಲ್ಲಿ ಒಂದೇ ಜೊತೆ ಕೈ. ಬಳೆ ಇಲ್ಲದ, ನರ ಎದ್ದ ಕೈ. ದೇವಕಿ. ಅವಳ ಮನೆ ಫ್ಯಾಕ್ಟರಿಯ ಹಿಂದೆಯೇ, ಎಲ್ಲರಿಗಿಂತ ಮೊದಲು ಬಂದು ಕೂರುತ್ತಾಳೆ. ಅವಳ ಜಾಗಕ್ಕೆ ಕಿಟಕಿಯ ಬೆಳಕು ನೇರ ಬೀಳುತ್ತದೆ. ಆ ಹೊತ್ತಲ್ಲಿ ಅವಳಿಗೆ ಕಾಣುತ್ತದೆ! ಕೈ ಓಡುವುದು ನೋಡಬೇಕು. ಹೆಕ್ಕಿ ಹೆಕ್ಕಿ ಹಾಕುತ್ತಾಳೆ — ತನ್ನ ಟ್ರೇಗೆ ಅಲ್ಲ. ಪಕ್ಕದ ಖಾಲಿ ಟ್ರೇಗೆ. ಶಂಕರಿಯ ಟ್ರೇಗೆ.

ಶಂಕರಿಯ ಪೈವಳಿಕೆ ಬಸ್ಸು ಯಾವತ್ತೂ ಲೇಟು. ಅವಳು ಓಡಿ ಬಂದು ಕೂರುವಾಗ ಟ್ರೇಯಲ್ಲಿ ಆಗಲೇ ಬೀಜ ಇರುತ್ತದೆ. ಲೇಟು ಯಾರಿಗೂ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಿರಲಿಲ್ಲ, ಇಷ್ಟು ವರ್ಷ ಸೂಪರ್‌ವೈಸರಿಕೆ ಮಾಡಿ.

ಮೋಡ ಕವಿದ ಮೇಲೆ, ಮಧ್ಯಾಹ್ನದ ಮೇಲೆ, ಶಂಕರಿ ಹಾಕುವುದು. ಬೆಳಗ್ಗೆ ಆಚೆಯಿಂದ ಈಚೆ, ಸಂಜೆ ಈಚೆಯಿಂದ ಆಚೆ. ಎರಡನ್ನೂ ಮಾರ್ಕ್ ಮಾಡಿದೆ. ಹೆಚ್ಚುಕಮ್ಮಿ ಒಂದಕ್ಕೊಂದು ಸರಿಹೋಯ್ತು. ಅಬ್ಬ ದೇವಾ ಅಂತ ಎದೆಗೆ ಕೈ ಇಟ್ಟೆ. ಇನ್ನು ಇವರಿಬ್ಬರಲ್ಲಿ ಯಾರೂ ಅಡಿಗೆ ಬರಲಿಕ್ಕಿಲ್ಲ.

ಬೋರ್ಡು ನೋಡಿದೆ. ಶಂಕರಿ ಈಗಲೂ ಕೆಂಪು.

ಜುಲೈ 25, ಶುಕ್ರವಾರ

ಅರ್ಥ ಆಯ್ತು. ಆಗಬಾರದಿತ್ತು.

ಮೆಷಿನ್ ಇನ್ನೊಂದು ರಾಶಿ ವೀಡಿಯೊ ಬೇರೆ ಇಟ್ಟಿದೆ. "ಗುರುತಿಲ್ಲದ ಕೈ" ಅಂತ. ಟೇಬಲಿನ ಆರು ಜನರಲ್ಲಿ ಯಾರದ್ದೂ ಅಲ್ಲದ ಕೈ. ಯಾರೋ ಹೊರಗಿನವರು ಬಂದು ಕದಿಯುತ್ತಾರಾ ಅಂತ ಸಿಟ್ಟಿನಿಂದಲೇ ತೆರೆದೆ.

ಒಂದು ಕೈ ಮೇಲಿನಿಂದ ಬರುತ್ತದೆ. ನಿಂತವರ ಕೈ. ಶಂಕರಿಯ ಟ್ರೇಯಿಂದ ಒಂದು ಮುಷ್ಟಿ ಎತ್ತುತ್ತದೆ, ದೇವಕಿಯ ಟ್ರೇಗೆ ಬಿಡುತ್ತದೆ. ಹೋಗುತ್ತದೆ. ಒಂದು ಗಂಟೆ ಕಳೆದು ಪುನಃ ಬರುತ್ತದೆ. ಶಂಕರಿಯ ಟ್ರೇಯಿಂದ ಇನ್ನೊಂದು ಮುಷ್ಟಿ.

ಕೆಂಪು ಪಟ್ಟಿಯ ವಾಚು. ನಡುಬೆರಳಲ್ಲಿ ಊದಿ ಸಿಕ್ಕಿಬಿದ್ದ ಉಂಗುರ, ಶಿಲುಬೆಯ ಗುರುತಿನದ್ದು.

ವಾಚು ಆಲ್ವಿನ್ ಕೊಟ್ಟದ್ದು. ಉಂಗುರ ಮಮ್ಮಿಯದ್ದು.

ನನ್ನ ಕೈ. ನನ್ನದೇ!

ಗಂಟೆಗೊಮ್ಮೆ ಬೈಯುತ್ತಾ ಸುತ್ತು ಹಾಕುವಾಗ... ಬಾಯಿ ಬೈಯುತ್ತದೆ, ಕೈ ತುಂಬಿದ ಟ್ರೇಯಿಂದ ತಗ್ಗಿನ ಟ್ರೇಗೆ ಹಾಕುತ್ತದೆ. ಟೇಬಲಲ್ಲಿ ಕೂತಾಗಿನ ಅಭ್ಯಾಸ. ಎದ್ದು ಸೂಪರ್‌ವೈಸರ್ ಆದದ್ದು ನಾನು, ಕೈಗೆ ಯಾರೂ ಹೇಳಲಿಲ್ಲ. ಗೊತ್ತಿದ್ದೇ ಮಾಡಿದ್ದಾ, ಗೊತ್ತಿಲ್ಲದೆ ಮಾಡಿದ್ದಾ, ದೇವರೇ ಬಲ್ಲ. ಶಂಕರಿಯ ಟ್ರೇ ಯಾವತ್ತೂ ತುಂಬಿದ್ದು, ಹಾಗಾಗಿ ಯಾವತ್ತೂ ಅವಳದ್ದರಿಂದಲೇ. ಶಂಕರಿಯನ್ನು ಕೆಂಪಿಗೆ ಇಳಿಸಿದ್ದು ದೇವಕಿ ಅಲ್ಲ, ಮೆಷಿನ್ ಅಲ್ಲ.

ಕಂಪ್ಯೂಟರ್ ಬಂದ್ ಮಾಡಿ ಹೊರಗೆ ಬಂದೆ. ಬಚ್ಚಲಲ್ಲಿ ಎರಡು ಸಲ ಕೈ ತೊಳೆದೆ, ಸೋಪು ಹಾಕಿ. ಯಾಕೆ ತೊಳೆದೆ ಗೊತ್ತಿಲ್ಲ.

ಜುಲೈ 28, ಸೋಮವಾರ

ಶಂಕರಿಗೆ ಹೇಳಿದೆ. "ನನ್ನ ಕೈ."

"ಹೌದು" ಅಂದಳು.

"ನಿನಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತುಂಟು. ನಿಮಗೆ ಗೊತ್ತಿಲ್ಲ ಅಂತ ನಮಗೆ ಗೊತ್ತಿರಲಿಲ್ಲ." ಟ್ಯಾಂಕಿನ ನಲ್ಲಿ ತಿರುಗಿಸಿ ಮುಖ ತೊಳೆದಳು. ಸೆರಗಿನಲ್ಲಿ ಒರೆಸಿದಳು. "ಅಷ್ಟು ಬೈಯುವವರು ಅಷ್ಟಾದರೂ ಮಾಡ್ತಾರಲ್ಲ ಅಂತ ನಾವು ಬೈಗುಳ ಕೇಳಿಕೊಂಡು ಇದ್ದದ್ದು."

"ನನ್ನಿಂದ ನಿನ್ನ ಕೆಲಸ ಹೋಗ್ತದೆ ಮಾರಾಯ್ತಿ. ಕೋಪ ಇಲ್ವಾ?"

"ಉಂಟು." ಅಷ್ಟೇ ಹೇಳಿದಳು. ಹೋದಳು. ತಮಾಷೆ ಮಾಡಲಿಲ್ಲ. ಅವಳು ತಮಾಷೆ ಮಾಡದೆ ಹೋದದ್ದು ಇದೇ ಮೊದಲು.

ಜಯಂತ್‌ಗೆ ಫೋನ್ ಮಾಡಿದೆ. ಗುರುತಿಲ್ಲದ ಕೈ ಅಂತ ಒಂದು ಬರ್ತದಲ್ಲ, ಅದಕ್ಕೆ ಎಂತ ಮಾಡುವುದು? ಅವನು ಪಾಪ, ನಿಧಾನವಾಗಿ ಹೇಳಿದ. ಮೂರು ಆಯ್ಕೆ ಉಂಟಂತೆ.

ಗೊತ್ತಿಲ್ಲ ಅಂತ ಒತ್ತಿದರೆ ಆ ಮುಷ್ಟಿಗಳೆಲ್ಲ ಬಿದ್ದ ಟ್ರೇಯಲ್ಲೇ ಉಳಿಯುತ್ತವೆ. ಹಾಗಾದರೆ ಹೋಗುವುದು ಶಂಕರಿ.

ಸೂಪರ್‌ವೈಸರ್ ಅಂತ ಒತ್ತಿದರೆ ತೂಕ ಶಂಕರಿಗೆ ವಾಪಸ್. ಅವಳು ಮೇಲೆ ಹೋಗುತ್ತಾಳೆ. ಆಗ ಅಡಿಗೆ ಬರುವುದು ದೇವಕಿ.

ಮೂರನೆಯದ್ದು ಏನು ಅಂತ ಕೇಳಿದೆ. "ಅದು ಈ ಟೇಬಲಿನದ್ದೇ ಕೆಲಸಗಾರರು, ಹೆಸರು ಸೇರಿಸಲು ಬಿಟ್ಟುಹೋಗಿದೆ ಅಂತಾದರೆ ಮೇಡಂ. ಟೋಕನ್ ನಂಬರ್ ಹಾಕಿದರೆ ಪಟ್ಟಿಗೆ ಬರ್ತಾರೆ. ಆದರೆ ಸ್ವಂತ ಟ್ರೇ ಇಲ್ಲದವರನ್ನು ಸೇರಿಸಿದರೆ ಅವರ ತೂಕ ಸೊನ್ನೆ ಬರ್ತದೆ, ಅಡಿಗೆ ಅವರದ್ದೇ ಹೆಸರು ಬೀಳ್ತದೆ. ನಿಮಗೆ ಅದು ಬೇಡ."

ಬೇಡ ಅಂದೆ. ಥ್ಯಾಂಕ್ಸ್ ಅಂದೆ. ಫೋನ್ ಇಟ್ಟೆ.

ಜುಲೈ 30, ಬುಧವಾರ — ಸಂಜೆ, ಬಸ್ಸಿನಲ್ಲಿ

ಕ್ಯಾಬಿನ್‌ನಲ್ಲಿ ಆ ವೀಡಿಯೊ ತೆರೆದು ಕೂತಿದ್ದೆ. ಸಾರ್ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಈ ಕೈ ಯಾರದ್ದು?"

"ಗೊತ್ತಿಲ್ಲ ಸಾರ್." ಬಾಯಿಗೆ ಎಷ್ಟು ಬೇಗ ಬಂತು.

ಅವರು ಸ್ಕ್ರೀನ್ ನೋಡಿದರು. ಆಮೇಲೆ ಮೌಸ್ ಮೇಲಿದ್ದ ನನ್ನ ಕೈ ನೋಡಿದರು. ಕೆಂಪು ಪಟ್ಟಿಯ ವಾಚು. ಎಳೆದುಕೊಳ್ಳೋಣ ಅಂದರೆ ಕೈ ಅಲ್ಲಾಡಲಿಲ್ಲ.

ಕಿಟಕಿಯ ಹತ್ತಿರ ಹೋಗಿ ಮಳೆ ನೋಡಿದರು. "ಆಲ್ವಿನ್‌ಗೆ ಇದು ಕೊನೆ ವರ್ಷ ಅಲ್ವಾ?"

"ಹೌದು ಸಾರ್."

"ನಾಳೆ ಹತ್ತಕ್ಕೆ ಲಾಕ್ ಆಗ್ತದೆ. ಗೊತ್ತಿಲ್ಲ ಅಂತಲೂ ಒತ್ತಬಹುದು. ಯಾರೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ." ಬಾಗಿಲು ನಿಧಾನ ಎಳೆದುಕೊಂಡು ಹೋದರು.

ಒಳ್ಳೆಯ ಮನುಷ್ಯ. ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭ ಇತ್ತು. ಜಗಳ ಮಾಡಿ ಮನೆಗೆ ಹೋಗಬಹುದಿತ್ತು.

ಜುಲೈ 31, ಗುರುವಾರ — ಬೆಳಗ್ಗೆ, ಹೊರಡುವ ಮೊದಲು

ನಿನ್ನೆ ಯುಜಿನ್‌ಗೆ ಹೇಳಿದೆ, ಕೋಳಿಗೂಡಿನ ಹತ್ತಿರ. ಮೂರು ಆಯ್ಕೆಯನ್ನೂ ಹೇಳಿದೆ. ಬೈಯಲಿ ಅಂತ ಆಸೆ ಇತ್ತು. ಬೇಡ, ಹುಚ್ಚಾಟ ಬೇಡ, ಮನೆಯವರು ಎಂತ ತಿನ್ನುವುದು ಅಂತ ಬೈದರೆ ಅವನ ಮೇಲೆ ಹಾಕಿ "ಗೊತ್ತಿಲ್ಲ" ಒತ್ತಿಬಿಡಬಹುದು.

ಬೈಯಲಿಲ್ಲ. ಒಂದು ಕೋಳಿಯನ್ನು ಓಡಿಸಿ ಒಳಗೆ ಹಾಕಿ ಬಾಗಿಲು ಕಟ್ಟಿದ. "ವರ್ಕ್‌ಶಾಪ್ ಹೋಗುವಾಗ ಯಾರಾದರೂ ಒಬ್ಬರು ಬಂದು ಒಂದು ಮಾತು ಹೇಳಲಿ ಅಂತ ನಾನು ಕಾದಿದ್ದೆ. ಯಾರೂ ಬರಲಿಲ್ಲ." ಮತ್ತೆ ಹೇಳಿದ್ದು, "ನಾಳೆ ರಾತ್ರಿ ಬೋಟ್ ಹೊರಡ್ತದೆ. ಮೀನಿನ ಲಾರಿಗೆ ಡ್ರೈವರ್ ಬೇಕಂತೆ, ಕೇಳಿ ನೋಡ್ತೇನೆ." ಅವನ ಬೆನ್ನಿಗೆ ಲಾರಿ ಆಗುವುದಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು.

ಅವನ ಮೇಲೆ ಸಿಟ್ಟು ಬಂದು ಅಳು ಬಂತು. ಬೈಯಬಾರದಿತ್ತಾ ಪುಣ್ಯಾತ್ಮ.

ಟೇಬಲಲ್ಲಿ ಕೂತಾಗಿನ ನನ್ನ ಹಳೆ ಟೋಕನ್ ಈಗ ಮನೆಯ ಬೀಗದ ಕೀಲಿಗೆ ನೇತಾಡುತ್ತದೆ. ಅಲ್ಯುಮಿನಿಯಮ್ ಬಿಲ್ಲೆ. ನಂಬರ್ ಅರ್ಧ ಸವೆದಿದೆ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ. ನಲವತ್ತಾರು. ಕೀಲಿ ಯುಜಿನ್‌ಗೆ ಬಿಟ್ಟು ಹೋಗುವುದು ಕ್ರಮ. ಇವತ್ತು ನಾನೇ ತೆಗೆದುಕೊಂಡೆ.

ಅದೇ ದಿನ — ಹತ್ತು ಗಂಟೆ ಕಳೆದು

ಎಷ್ಟು ಹೆದರಿದ್ದೆ. "ಈ ಟೇಬಲಿನ ಕೆಲಸಗಾರರು" ಒತ್ತಿದೆ. ಟೋಕನ್ ಕೇಳಿತು. ಹಾಕಿದೆ. ಅಂಥ ನಂಬರ್ ಇಲ್ಲ ಅಂತ ಹೇಳಲಿ ದೇವಾ ಅಂತ ಮನಸ್ಸಿನಲ್ಲೇ ಬೇಡಿದೆ. ಹೌದು, ಬೇಡಿದೆ. ನಾನು ಅಷ್ಟೇನೂ ದೊಡ್ಡ ಹೆಂಗಸಲ್ಲ.

ಇತ್ತು. ಹಳ್ಳಿಗೆ ಹಳ್ಳಿ ಅಳಿಸಿ ಹೈವೇ ಮಾಡಿದವರ ಕಾಲದಲ್ಲಿ ನನ್ನ ನಂಬರ್ ಯಾರೂ ಅಳಿಸಿರಲಿಲ್ಲ. ರೀನಾ ಕ್ರಾಸ್ತಾ, ಟೇಬಲ್ ನಾಲ್ಕು.

ಮೆಷಿನ್ ಒಂದು ಕ್ಷಣ ಯೋಚಿಸಿ ಎಲ್ಲ ಮುಷ್ಟಿಗಳನ್ನೂ ಪುನಃ ಲೆಕ್ಕ ಹಾಕಿತು. ಅಡಿಯಲ್ಲಿ ಹೊಸ ಹೆಸರು. ತೂಕ ಸೊನ್ನೆ. ಮೇಲಿನ ಆರು ಹೆಸರಲ್ಲಿ ಒಂದೂ ಕೆಂಪು ಇಲ್ಲ.

ಸಾರ್ ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದರು. ಲಾಕ್ ಆದ ಮೇಲೆ ಒಳಗೆ ಬಂದು ಸ್ಕ್ರೀನ್ ಓದಿದರು. ಕನ್ನಡಕ ತೆಗೆದು ಒರೆಸಿದರು. ಪುನಃ ಓದಿದರು. "ನೀನು... ಚಾ ಕುಡಿದೆಯಾ ರೀನಾ?" ಅಂದರು. ಇಲ್ಲ ಅಂದೆ. ಅವರೇ ಹೋಗಿ ತಂದರು.

ಆಗಸ್ಟ್ 1, ಶುಕ್ರವಾರ — ಬೆಳಗ್ಗೆ

ರಾತ್ರಿ ಮಳೆ ಬಿಟ್ಟಿದೆ. ಬಸ್ಸು ಕೈಕಂಬದಲ್ಲಿ ನಿಲ್ಲಲೇ ಇಲ್ಲ. ಬೇಗ ಬಂದೆ. ಬೇಗ ಬರಬೇಕಾದ ದಿನ ಒಂದು ದಿನವೂ ಹೀಗೆ ಬರಲಿಲ್ಲ ಈ ಬಸ್ಸು.

ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ಕುರ್ಚಿ ಇನ್ನು ಬೋನಸ್ ದಿನದವರೆಗೆ. ಆಮೇಲೆ ಎಂತ? ಗೊತ್ತಿಲ್ಲ. ಆಲ್ವಿನ್‌ಗೆ ಹೇಳಿಲ್ಲ.

ದೇವಕಿ ಆಗಲೇ ಬಂದು ಕಿಟಕಿಯ ಬೆಳಕಲ್ಲಿ ಕೂತಿದ್ದಾಳೆ. ಆ ದಿನದ ಕೊಡೆಯ ವಿಷಯಕ್ಕೆ ಕ್ಷಮೆ ಕೇಳಿದೆ. "ಯಾವ ಕೊಡೆ?" ಅಂದಳು. ಕೈ ನಿಲ್ಲಿಸಲಿಲ್ಲ. ಪಕ್ಕದ ಖಾಲಿ ಟ್ರೇಗೆ ಒಂದು ಮುಷ್ಟಿ ಬಿತ್ತು. ಕ್ಯಾಮೆರಾ ಅಲ್ಲೇ ಇದೆ, ನೋಡಲಿ.

ಸೈರನ್ ಆಯ್ತು. ಬೋರ್ಡು ಹತ್ತಿತು. ಒಬ್ಬೊಬ್ಬರೇ ಬರುತ್ತಿದ್ದಾರೆ. ಈಗ ಎಲ್ಲರೂ ಬೋರ್ಡನ್ನು ಅಡಿಯಿಂದ ಓದುವುದು. ಒಂದನೇ ಟೇಬಲಲ್ಲಿ ಯಾರೋ ಅಳುತ್ತಾರೆ. ಅಲ್ಲಿಯ ಕೆಂಪಿಗೆ ನನ್ನ ಹತ್ತಿರ ಮದ್ದು ಇಲ್ಲ. ನನಗೆ ಇದ್ದದ್ದು ಒಂದು ಹೆಸರು, ಒಂದು ಟೇಬಲಿಗೆ ಹಾಕಿದೆ.

ಶಂಕರಿ ಓಡಿ ಬಂದಳು, ಬ್ಯಾಗ್ ಇಡದೆಯೇ. ಬೋರ್ಡಿನ ಎದುರು ನಿಂತಳು. ಅಡಿಯ ಹೆಸರು ಓದಿದಳು. ಪುನಃ ಓದುತ್ತಿದ್ದಾಳೆ. ತನ್ನ ಟ್ರೇಗೆ ಹೋಗಲಿಲ್ಲ. ದೇವಕಿಯ ಕಿವಿಯಲ್ಲಿ ಏನೋ ಹೇಳಿದಳು. ದೇವಕಿಯ ಕೈ ನಿಂತಿತು. ಇಬ್ಬರೂ ಹೋಗಿ ಮೂಲೆಯಿಂದ ಒಂದು ಖಾಲಿ ಟ್ರೇ ತಂದು ಟೇಬಲಿನ ತುದಿಗೆ ಇಟ್ಟರು. ಏಳನೆಯದ್ದು. ಅಲ್ಲಿ ಕೂರುವವರು ಯಾರೂ ಇಲ್ಲ.

ಶಂಕರಿ ತನ್ನ ಟ್ರೇಯಿಂದ ಒಂದು ಮುಷ್ಟಿ ಎತ್ತಿ ಅದಕ್ಕೆ ಹಾಕಿದಳು. ದೇವಕಿಯೂ. ಆಚೆಯವಳೂ. ಹಳದಿ ಲೈಟು ಹತ್ತಿತು, ಯಾರೂ ನೋಡುತ್ತಿಲ್ಲ. ಶಂಕರಿ ಈ ಕಡೆ ತಿರುಗಿ ಹಾಲಿಡೀ ಕೇಳುವ ಹಾಗೆ, "ರೀನಕ್ಕ, ಲೇಟಾಯ್ತು, ಬಂದು ಕೂತ್ಕೊಳ್ಳಿ" ಅಂದಳು.